ಗಾಜಿನ ಮೇಲಿನ ಗಂಧ

ಗ್ಯಾಸ್ ಒಲೆ ಹಚ್ಚಿದಾಗ ಈಗಲೂ ಒಮ್ಮೆ ಬಗ್ಗಿ ಉರಿಯ ಬಣ್ಣ ನೋಡುತ್ತೇನೆ. ಯಾರ ಮನೆಗೆ ಹೋದರೂ ಇದೇ ಚಾಳಿ. ನೀಲಿ ಇದ್ದರೆ ಸಮಾಧಾನ, ಹಳದಿ ಇದ್ದರೆ ಒಳಗೊಳಗೇ ಬೈಗುಳ. ಬರ್ನರಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ಹಿತ್ತಾಳೆ ಜೆಟ್ ಇರುತ್ತದೆ. ಅದರ ನಡುವೆ ಸೂಜಿ ತೂರಿಸಲೂ ಒದ್ದಾಡಬೇಕಾದಷ್ಟು ಸಣ್ಣ ತೂತು. ಗ್ಯಾಸ್ ಬರುವುದು ಅದರಿಂದಲೇ. ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ, ಅಂಚಿನಲ್ಲಿ ಒಂದು ಸಿಬಿರು ಉಳಿದರೂ ಉರಿ ಕೆಡುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ, ಮನೆಯಾಕೆ ಒಲೆಯನ್ನು ಶಪಿಸುತ್ತಾಳೆ. ತೂತು ಸರಿ ಇದೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಬೆಳಕಿನ ಎದುರು ಹಿಡಿದು ನೋಡುವ ಕೆಲಸ. ಅದರಲ್ಲಿ ನನ್ನಷ್ಟು ಜಂಭ ಇದ್ದವರು ಇಡೀ ಯಶವಂತಪುರದಲ್ಲಿ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಮ್ಮ ಕಾರ್ಖಾನೆ ಯಶವಂತಪುರದ ಇಂಡಸ್ಟ್ರಿಯಲ್ ಸಬರ್ಬಿನ ಒಂದು ಒಳರಸ್ತೆಯಲ್ಲಿತ್ತು. ಮುಂದೆ ಒಂದು ಷೆಡ್ಡು, ಅದರಲ್ಲಿ ಹಿತ್ತಾಳೆ ಸರಳುಗಳನ್ನು ಕಡಿದು ಜೆಟ್ ಮಾಡುವ ಲೇತುಗಳು. ಹಿಂದೆ ಪ್ಯಾಕಿಂಗ್. ಪಕ್ಕದಲ್ಲಿ ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಒಂದು ಸಣ್ಣ ಕೋಣೆ. ಅದೇ ನನ್ನದು. ಮೊದಲು ಅಲ್ಲಿದ್ದದ್ದು ಹಳೆಯ ಪ್ರೊಜೆಕ್ಟರ್. ಜೆಟ್ಟನ್ನು ಒಂದು ಬೆಳಕಿನ ಮುಂದೆ ಇಟ್ಟರೆ ಅದರ ನೆರಳು ದೊಡ್ಡದಾಗಿ ಎದುರಿನ ದುಂಡು ಗಾಜಿನ ಪರದೆಯ ಮೇಲೆ ಬೀಳುತ್ತಿತ್ತು. ಪರದೆಯ ಮೇಲೆ ಮೊದಲೇ ಅಂಟಿಸಿದ ಹಾಳೆಯ ಎರಡು ಗೆರೆಗಳ ನಡುವೆ ನೆರಳಿನ ಅಂಚು ಕೂತರೆ ಪಾಸು, ಗೆರೆ ದಾಟಿದರೆ ಗುಜರಿ ಡಬ್ಬ. ಕತ್ತಲಲ್ಲಿ ಒಬ್ಬಳೇ ಕೂತು ನೆರಳು ನೋಡುತ್ತಿದ್ದರೆ ಹೊರಗಿನ ಲೇತುಗಳ ಕಿರುಚಾಟ ಕೂಡ ದೂರ ಹೋದಂತಾಗುತ್ತಿತ್ತು.

ನನ್ನನ್ನು ಅಲ್ಲಿಗೆ ಸೇರಿಸಿದ್ದು ಅಣ್ಣ. ನನಗೆ ಒಡಹುಟ್ಟಿದ ಅಣ್ಣ ಇಲ್ಲ. ಸಂಜಯನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದವರು ಅವರು. ಆ ಕಾರ್ಖಾನೆಯಲ್ಲಿ ಲೇತುಗಳ ಸೂಪರ್‌ವೈಸರ್. ನಾನು ಡಿಪ್ಲೊಮಾ ಓದುತ್ತಿದ್ದಾಗ ಅಪ್ಪ ತೀರಿಹೋದರು. ಆಸ್ಪತ್ರೆಯಿಂದ ಅಪ್ಪನನ್ನು ಮನೆಗೆ ತಂದವರು, ನೆಂಟರಿಗೆ ಫೋನ್ ಮಾಡಿದವರು, ಅಮ್ಮ ಒಂದು ಗುಟುಕು ನೀರು ಕುಡಿಯುವವರೆಗೂ ಬಾಗಿಲ ಬಳಿ ಕಾದು ನಿಂತವರು ಅವರೇ. ನಾನು ಅಣ್ಣ ಎಂದು ಕರೆದದ್ದು ಬಾಯಿಮಾತಿಗಲ್ಲ. ಡಿಪ್ಲೊಮಾ ಮುಗಿದ ಕೂಡಲೇ ಮಾಲೀಕರ ಮುಂದೆ ನನ್ನನ್ನು ನಿಲ್ಲಿಸಿ, "ನಮ್ಮನೆ ಹುಡುಗಿ ಸಾರ್, ಕಣ್ಣು ಭಾಳ ಚುರುಕು" ಎಂದು ಹೇಳಿ ಕೆಲಸ ಕೊಡಿಸಿದರು.

ಅಮ್ಮನಿಗಂತೂ ಅವರೆಂದರೆ ಪ್ರಾಣ. ಅಮ್ಮ ಹುಣಸಮಾರನಹಳ್ಳಿಯವಳು. ಗಂಡುಮಗು ಇಲ್ಲ ಎಂಬ ಮಾತನ್ನು ಅತ್ತೆಯಿಂದ, ಓರಗಿತ್ತಿಯರಿಂದ ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಅಣ್ಣ ಬಂದು ಗ್ಯಾಸ್ ಸಿಲಿಂಡರ್ ಸಿಕ್ಕಿಸಿ ಕೊಟ್ಟರೆ, ಕೆಟ್ಟ ನಲ್ಲಿ ರಿಪೇರಿ ಮಾಡಿದರೆ, ಇಡೀ ಬೀದಿಗೆ ಕೇಳುವಂತೆ "ಮಗ ಬಂದಿದ್ದ" ಎನ್ನುತ್ತಿದ್ದಳು. ಸಿಲಿಂಡರ್ ಸಿಕ್ಕಿಸುವುದು ನನಗೂ ಬರುತ್ತಿತ್ತು. ಒಲೆಯ ಜೆಟ್ಟನ್ನೇ ಅಳೆಯುವವಳಿಗೆ ಅದೇನು ಮಹಾ ವಿದ್ಯೆ? ಆದರೆ ನಾನು ಮುಟ್ಟಲು ಹೋದರೆ, "ನೀ ಬಿಡು, ಅವ್ನು ಬತ್ತಾನೆ" ಎಂದು ತಡೆಯುತ್ತಿದ್ದಳು. ಒಬ್ಬಟ್ಟು ಮಾಡಿದ ದಿನ ಮೊದಲ ಒಬ್ಬಟ್ಟು ಮಹಡಿಗೆ ಹೋಗುತ್ತಿತ್ತು. ನಾನು ಗೊಣಗುತ್ತಿದ್ದೆ, ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದವಳೂ ನಾನೇ. ಒಳ್ಳೆಯ ಮನುಷ್ಯ ಎಂದು ನನಗೂ ಅನ್ನಿಸಿತ್ತಲ್ಲ.

ತುಮಕೂರು ರಸ್ತೆಯ ಉದ್ದಕ್ಕೂ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ನಮ್ಮಿಂದ ಜೆಟ್ ಕೊಳ್ಳುತ್ತಿದ್ದ ಒಲೆ ಕಂಪನಿಯವರು, ಇನ್ನು ನೆರಳು ನೋಡಿ ಪಾಸು ಮಾಡಿದ ಮಾಲು ಬೇಡ, ಕ್ಯಾಮೆರಾದಲ್ಲಿ ಅಳೆದದ್ದೇ ಬೇಕು ಎಂದು ಪಟ್ಟು ಹಿಡಿದರು. ನಮ್ಮ ಮಾಲೀಕರು ವರ್ಷವೆಲ್ಲ ಓಡಾಡಿ ಕ್ಯಾಮೆರಾ ಮಷೀನು ತರಿಸಿದರು. ಕಲ್ಲಿನ ಪೀಠ, ಅದರ ಮೇಲೆ ನೋಟ್‌ಬುಕ್ಕಿನಷ್ಟು ಅಗಲದ ಒಂದು ಗಾಜು. ಗಾಜಿನ ಕೆಳಗಿನಿಂದ ಬೆಳಕು, ಮೇಲಿನಿಂದ ಕ್ಯಾಮೆರಾ. ಜೆಟ್ಟನ್ನು ಗಾಜಿನ ಮೇಲೆ ನಿಲ್ಲಿಸಿದರೆ ಅದರ ತೂತು ಕಂಪ್ಯೂಟರ್ ಪರದೆಯ ಮೇಲೆ ಹುಣ್ಣಿಮೆಯ ಚಂದ್ರನ ಹಾಗೆ ಹೊಳೆಯುತ್ತಿತ್ತು. ಮಷೀನು ಅದರ ಅಂಚನ್ನೆಲ್ಲ ತಾನೇ ಹುಡುಕಿ ಅಳೆದು, ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುತ್ತಿತ್ತು. ಮಾಲೀಕರು ನನ್ನನ್ನೇ ತರಬೇತಿಗೆ ಕಳಿಸಿದರು. ನನ್ನ ಕೋಣೆಗೆ ಎಸಿ ಹಾಕಿಸಿದರು, ನೆಲಕ್ಕೆ ಹೊಸ ಹಾಸು ಹಾಕಿಸಿದರು. ಧೂಳು ಬರಬಾರದೆಂದು ಚಪ್ಪಲಿ ಹೊರಗೆ ಬಿಡಬೇಕೆಂಬ ನಿಯಮ ನಾನೇ ಮಾಡಿದೆ. ಲೇತಿನ ಹುಡುಗರು ಬಾಗಿಲಲ್ಲಿ ನಿಂತು, "ಮೇಡಂ, ಗರ್ಭಗುಡಿ ಒಳಗೆ ಬರಬೋದಾ?" ಎಂದು ರೇಗಿಸುತ್ತಿದ್ದರು. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, ಆದರೂ ಆ ಮಾತಿಗೆ ಮಾತ್ರ ಸಿಟ್ಟು ಬರುತ್ತಿರಲಿಲ್ಲ. ಗರ್ಭಗುಡಿಯೇ ಅನ್ನಿ, ನನಗೇನು!

ಆಯುಧಪೂಜೆ ಬಂತು. ನಮ್ಮಲ್ಲಿ ಪುರೋಹಿತರನ್ನು ಕರೆಸುವ ಪದ್ಧತಿ ಇರಲಿಲ್ಲ, ಅಣ್ಣನೇ ಮಡಿಪಂಚೆ ಉಟ್ಟು ಪೂಜೆ ಮಾಡುತ್ತಿದ್ದರು. ಬೆಳಗ್ಗಿನಿಂದ ಎಲ್ಲರೂ ಸೇರಿ ಲೇತುಗಳನ್ನು ತಿಕ್ಕಿ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವು ಸೇವಂತಿಗೆ ಹಾಕಿ ಮದುಮಕ್ಕಳಂತೆ ಮಾಡಿದ್ದೆವು. ಕಡ್ಲೆಪುರಿಯ ಮೂಟೆ, ಸಿಹಿಯ ಡಬ್ಬಗಳು, ಗೇಟಿನ ಬಳಿ ಒಡೆಯಲು ಬೂದುಗುಂಬಳ. ನಾನು ಅಣ್ಣನಿಗೆ ಮೊದಲೇ ಹೇಳಿದ್ದೆ.

"ಅಣ್ಣ, ಕ್ಯಾಮೆರಾ ಮಷೀನಿಗೆ ಒಂದು ಹಾರ ಹಾಕಿ ಸಾಕು. ಗಾಜಿಗೆ ಮಾತ್ರ ಏನೂ ಹಚ್ಬೇಡಿ."

"ಆಯ್ತಮ್ಮ, ಆಯ್ತು" ಎಂದಿದ್ದರು.

ನಾನು ಗೇಟಿನ ಮುಂದೆ ರಂಗೋಲಿ ಹಾಕಿ ಮುಗಿಸಿ ಒಳಗೆ ಬರುವಷ್ಟರಲ್ಲಿ ಮಂಗಳಾರತಿ ನನ್ನ ಕೋಣೆಗೆ ಬಂದಿತ್ತು. ಮಾಲೀಕರು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದಾರೆ. ಗಾಜಿನ ನಟ್ಟನಡುವೆ ಅಂಗೈ ಅಗಲದ ಗಂಧ, ಗಂಧದ ಮೇಲೆ ಕುಂಕುಮ, ಅಕ್ಷತೆ. ನನ್ನ ಮುಖ ನೋಡಿ ಅಣ್ಣ ಮೆಲ್ಲಗೆ, "ಎಲ್ಲಾ ಲೇತಿಗೂ ಇಟ್ಟು ಇದಕ್ಕೊಂದಕ್ಕೆ ಇಡದೇ ಹೋದ್ರೆ ಹೆಂಗಮ್ಮ? ಇದರ ಜೀವ ಇರೋದೇ ಗಾಜಲ್ಲಿ" ಎಂದರು. ಮಾಲೀಕರೇ ಆರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿರುವಾಗ ನಾನೇನು ಹೇಳಲಿ? ಈಗಲೇ ಒರೆಸಿಬಿಡೋಣ ಎಂದರೆ, ಪೂಜೆ ಮಾಡಿದ್ದನ್ನು ವಿಜಯದಶಮಿ ಆಗುವವರೆಗೂ ಕದಲಿಸಬಾರದು ಎಂದರು ಅಣ್ಣ. ನಾನೂ ಆರತಿ ತೆಗೆದುಕೊಂಡು, ಕಡ್ಲೆಪುರಿ ಕಟ್ಟಿಸಿಕೊಂಡು ಮನೆಗೆ ಹೋದೆ.

ರಜೆ ಮುಗಿಸಿ ಬಂದಾಗ ಗಂಧ ಒಣಗಿ ಗಾಜಿಗೆ ಕಚ್ಚಿಕೊಂಡಿತ್ತು. ಹಾಗೆ ಒಣಗಿದ್ದನ್ನು ಮೊದಲು ನೆನೆಸಿ, ಮೆದುವಾದ ಮೇಲೆ ಅದಕ್ಕೆಂದೇ ಇಟ್ಟ ನುಣುಪು ಬಟ್ಟೆಯಲ್ಲಿ ಎತ್ತಬೇಕು, ಉಜ್ಜಬಾರದು. ಅವತ್ತು ಮಧ್ಯಾಹ್ನವೇ ಮಾಲು ಹೋಗಬೇಕಾಗಿದ್ದರಿಂದ ಅಣ್ಣ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. "ಸ್ಟೋರಿಂದ ಸ್ಪಿರಿಟ್ ತರ್ತೀನಿ ಅಣ್ಣ, ಮುಟ್ಬೇಡಿ" ಎಂದು ಹೇಳಿಯೇ ಹೋದೆ. ವಾಪಸ್ ಬಂದಾಗ ಅವರ ಕೈಯಲ್ಲಿ ಬನಿಯನ್ ವೇಸ್ಟ್. ಹಳೆಯ ಬನಿಯನ್ ಬಟ್ಟೆಯ ಚೂರುಗಳು ಅವು, ಲೇತಿನ ಎಣ್ಣೆ ಒರೆಸಲು ಇಡುತ್ತಿದ್ದದ್ದು. ಹಿತ್ತಾಳೆಯ ಸಿಬಿರು ಅದರ ತುಂಬ. ಅದರಲ್ಲೇ ಗಾಜನ್ನು ಗಸಗಸ ಉಜ್ಜಿ, "ನೋಡು, ಕ್ಲೀನ್ ಆಯ್ತು" ಎಂದು ಮಗುವಿನ ಹಾಗೆ ನಕ್ಕರು.

ನಾನು ದೀಪ ಹಾಕಿದೆ. ಪರದೆಯ ಮೇಲೆ ಗಾಜಿನ ನಡುಮಧ್ಯೆ ಉದ್ದಕ್ಕೆ ಒಂದು ಕರಿ ಗೆರೆ, ಅದರ ಅಕ್ಕಪಕ್ಕ ಸಣ್ಣಪುಟ್ಟವು. ಒಂದು ಜೆಟ್ ತಂದು ಅದರ ಮೇಲೆ ನಿಲ್ಲಿಸಿದೆ. ಗೆರೆ ಚಂದ್ರನನ್ನು ಎರಡು ಹೋಳು ಮಾಡಿತ್ತು. ಮಷೀನು ಆ ಗೆರೆಯನ್ನೇ ತೂತಿನ ಅಂಚು ಎಂದುಕೊಂಡು ಕೆಂಪು ತೋರಿಸಿತು. ಇನ್ನೊಂದು ಇಟ್ಟೆ, ಕೆಂಪು. ಮತ್ತೊಂದು, ಕೆಂಪು.

ಅಣ್ಣನ ನಗು ಇಳಿದುಹೋಯಿತು. ಕೆಲವು ತಿಂಗಳ ಹಿಂದೆ ಅವರು ಒಂದು ಲೇತನ್ನು ಸರಿಯಾಗಿ ನೋಡದೆ ಓಡಿಸಿ ಮಾಲೆಲ್ಲ ಗುಜರಿಗೆ ಹೋಗಿತ್ತು. ಇನ್ನೊಂದು ತಪ್ಪಾದರೆ ಮನೆಗೆ ಹೋಗುವುದೇ ಎಂದು ಮಾಲೀಕರು ಎಲ್ಲರೆದುರಿಗೆ ಹೇಳಿದ್ದರು. ಅದನ್ನು ನಾನೂ ಕೇಳಿದ್ದೆ.

"ತಂಗೀ, ಈಗ್ಲೇ ಹೇಳ್ಬೇಡ ಕಣಮ್ಮ" ಎಂದು ಕೈಹಿಡಿದುಕೊಂಡರು. "ನಾನೇ ಟೈಮ್ ನೋಡಿ ಸಾರ್‌ಗೆ ಹೇಳ್ತೀನಿ. ನಿನ್ನ ಮೇಲೆ ಒಂದು ಮಾತು ಬರೋಕೆ ಬಿಡಲ್ಲ. ಆಣೆ."

ಯಾರ ಮೇಲಿನ ಆಣೆ ಎಂದು ನಾನು ಕೇಳಲಿಲ್ಲ. ಅಪ್ಪನ ಹೆಣದ ಪಕ್ಕ ನಿಂತಿದ್ದ ಮನುಷ್ಯನ ಹತ್ತಿರ ಅದನ್ನೆಲ್ಲ ಕೇಳುತ್ತಾರೆಯೇ? ಗಾಜಿನ ಎಡಮೂಲೆಯಲ್ಲಿ ಗೀರಿಲ್ಲದ ಒಂದಿಷ್ಟು ಜಾಗ ಉಳಿದಿತ್ತು. ಜೆಟ್ಟುಗಳನ್ನೆಲ್ಲ ಆ ಮೂಲೆಯಲ್ಲೇ ನಿಲ್ಲಿಸಿ ಅಳೆಯಲು ಶುರು ಮಾಡಿದೆ. ಕೆಲಸ ನಿಧಾನವಾಯಿತು, ಕುತ್ತಿಗೆ ಹಿಡಿದುಕೊಂಡಿತು. ಆದರೆ ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಆ ದಿನಗಳಲ್ಲಿ ನಾನು ಪಾಸು ಮಾಡಿ ಕಳಿಸಿದ ಒಂದು ಜೆಟ್ಟೂ ವಾಪಸ್ ಬರಲಿಲ್ಲ. ಗಾಜು ಕೆಟ್ಟಿತ್ತೇ ಹೊರತು ನನ್ನ ಅಳತೆ ಕೆಟ್ಟಿರಲಿಲ್ಲ.

ದಿನಾ ಬೆಳಗ್ಗೆ ಅಣ್ಣನ ಮುಖ ನೋಡುತ್ತಿದ್ದೆ. "ಇವತ್ತು ಸಾರ್ ಮೂಡ್ ಸರಿ ಇಲ್ಲ", "ನಾಳೆ ಹೇಳ್ತೀನಿ", "ಹುಡುಗನ ಸ್ಕೂಲ್ ಫಂಕ್ಷನ್ ಮುಗೀಲಿ". ಅಷ್ಟರಲ್ಲಿ ಒಲೆ ಕಂಪನಿಯವರು ಮಷೀನು ನೋಡಲು ಸೋಮವಾರ ಬರುತ್ತಾರೆಂದು ಸುದ್ದಿ ಬಂತು. ಆಗ ನಾನು ಅಣ್ಣನಿಗೆ ಖಡಾಖಂಡಿತವಾಗಿ ಹೇಳಿದೆ, "ಸೋಮವಾರದ ಒಳಗೆ ನೀವು ಹೇಳ್ಲಿಲ್ಲ ಅಂದ್ರೆ ನಾನೇ ಹೇಳ್ಬೇಕಾಗುತ್ತೆ ಅಣ್ಣ."

"ನೀನ್ಯಾಕಮ್ಮ, ನಾನೇ ಹೇಳ್ತೀನಿ" ಎಂದರು.

ಭಾನುವಾರ ಅವರು ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು. ಅಮ್ಮ ನನ್ನನ್ನು ಬಿಸ್ಕತ್ತು ತರಲು ಅಂಗಡಿಗೆ ಕಳಿಸಿದಳು. ತಂದೆ. ಮತ್ತೆ ಕೊತ್ತಂಬರಿ ಸೊಪ್ಪಿಗೆ ಕಳಿಸಿದಳು. ಅದನ್ನು ತರುವ ಹೊತ್ತಿಗೆ ಅಣ್ಣ ಕಣ್ಣೊರೆಸಿಕೊಂಡು ಎದ್ದಿದ್ದರು. ಏನಾಯಿತು ಎಂದರೆ, ಅವರ ಊರಿನ ಜಮೀನಿನ ತಾಪತ್ರಯ, ಪಾಪ ಎಂದಳು ಅಮ್ಮ. ನನಗೂ ಪಾಪ ಅನ್ನಿಸಿತು.

ಸೋಮವಾರ ಒಲೆ ಕಂಪನಿಯಿಂದ ಬಂದವರು ವಯಸ್ಸಾದ, ಮೃದು ಮಾತಿನ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದು, ಕೋಣೆ ಇಟ್ಟುಕೊಂಡ ರೀತಿಯನ್ನು ಮೆಚ್ಚಿ, ಒಂದು ಜೆಟ್ ತೆಗೆದುಕೊಂಡು ಎಲ್ಲರೂ ಇಡುವ ಹಾಗೆ ಗಾಜಿನ ನಡುವೆ ನಿಲ್ಲಿಸಿದರು. ಪರದೆಯ ಮೇಲೆ ಗೆರೆ ಬಂತು. ಕೆಂಪು ಬಂತು. ಅವರು ಜೆಟ್ಟನ್ನು ತಿರುಗಿಸಿ ಇಟ್ಟರು. ಗೆರೆ ತಿರುಗಲಿಲ್ಲ. ಕನ್ನಡಕ ತೆಗೆದು ಗಾಜನ್ನೇ ಬಗ್ಗಿ ನೋಡಿ, "ಯಾರೋ ಉಜ್ಜಿಬಿಟ್ಟಿದ್ದಾರಲ್ಲ ಇದನ್ನ" ಎಂದರು, ಬೇಜಾರಿನಿಂದ. ಹೊಸ ಗಾಜು ಬರುವವರೆಗೆ ಮಾಲು ಕಳಿಸುವುದು ಬೇಡ ಎಂದರು.

ಮಾಲೀಕರ ಮುಖ ಕಪ್ಪಿಟ್ಟಿತು. "ಯಾರು?" ಎಂದರು.

ನಾನು ಅಣ್ಣನ ಕಡೆ ನೋಡಿದೆ. ಅವರು ಒಂದು ಹೆಜ್ಜೆ ಮುಂದೆ ಬಂದಾಗ ನನ್ನ ಎದೆ ಹಗುರಾಯಿತು. ಕೊನೆಗೂ ಹೇಳಿಬಿಡುತ್ತಾರೆ, ಮಾಲೀಕರು ಬೈದರೆ ನಾನೂ ಪಕ್ಕಕ್ಕೆ ನಿಂತು ಎರಡು ಮಾತು ಆಡೋಣ ಎಂದು ಮನಸ್ಸಿನಲ್ಲೇ ಸಿದ್ಧವಾಗಿದ್ದೆ.

"ಸಾರ್, ತಪ್ಪು ತಿಳ್ಕೋಬೇಡಿ" ಎಂದರು ಅಣ್ಣ. "ಹುಡುಗಿ ಬೇಕೂಂತ ಮಾಡಿದ್ದಲ್ಲ. ಹಬ್ಬ ಆದ್ಮೇಲೆ ಅರ್ಜೆಂಟಲ್ಲಿ ಕೈಗೆ ಸಿಕ್ಕಿದ ವೇಸ್ಟಲ್ಲಿ ಒರೆಸಿಬಿಟ್ಟಿದ್ದಾಳೆ. ನಾನು ಅಲ್ಲೇ ಇದ್ದೆ, ತಡೀಬೇಕಿತ್ತು, ತಡೀಲಿಲ್ಲ. ಅದು ನನ್ನ ತಪ್ಪು. ತಂದೆ ಇಲ್ಲದ ಹುಡುಗಿ ಸಾರ್, ಕೆಲಸದಿಂದ ಮಾತ್ರ ತೆಗೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಬೀಳಲು ನಿಜವಾಗಿ ಬಗ್ಗಿದರು ಕೂಡ. ಮಾಲೀಕರು ತೋಳು ಹಿಡಿದು ಎತ್ತಿದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಯಾವ ಹುಡುಗಿಯ ಮಾತು ಆಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ನನ್ನ ಮೇಲೆ ಸುಮ್ಮನೆ ಹಾಕಿದ್ದರೆ ಅದು ಬರೀ ಸುಳ್ಳಾಗುತ್ತಿತ್ತು, ಸುಳ್ಳಿಗೆ ಎದುರುನಿಂತು ಜಗಳ ಆಡಬಹುದು. ನನ್ನ ಪರವಾಗಿ ಕಣ್ಣೀರು ಹಾಕಿಕೊಂಡು ಬೇಡುವವನ ಜತೆ ಹೇಗೆ ಜಗಳ ಆಡುವುದು? ಆದರೂ ಬಾಯಿ ಬಿಟ್ಟೆ.

"ಸಾರ್, ನಾನಲ್ಲ. ಉಜ್ಜಿದ್ದು ಅಣ್ಣ."

ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೇಸಿಗೆ ತುಳಿದವರ ನೋಟ. ಮಾಲೀಕರು, "ಅವನು ನಿನಗೋಸ್ಕರ ನನ್ನ ಕಾಲು ಹಿಡೀತಿದ್ದಾನೆ, ನೀನು ಅವನ ತಲೆಗೇ ಕಟ್ತೀಯಾ? ಸರಿ, ಅವನೇ ಮಾಡಿದ್ದು ಅಂತಿಟ್ಕೊ. ಇಷ್ಟು ದಿನ ನೀನು ಯಾಕೆ ನನಗೆ ಹೇಳ್ಲಿಲ್ಲ?" ಎಂದರು.

ಅಣ್ಣ ಆಣೆ ಮಾಡಿದ್ದರು ಸಾರ್ ಎಂದರೆ ಯಾರು ನಂಬುತ್ತಾರೆ? ಅಣ್ಣ ಮಾತ್ರ ತಲೆ ತಗ್ಗಿಸಿ, "ಹೆದರ್ಕೊಂಡಿದ್ದಾಳೆ ಸಾರ್, ಏನೋ ಮಾತಾಡ್ತಿದ್ದಾಳೆ, ಬಿಟ್ಬಿಡಿ" ಎಂದು ಇನ್ನೊಂದು ಸಲ ನನ್ನನ್ನು ಕಾಪಾಡಿದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅಣ್ಣನ ಮುಖ ನೋಡಿ ಇಟ್ಟುಕೊಂಡಿದ್ದೇನೆ ಎಂದರು ಮಾಲೀಕರು. ಕೋಣೆಯ ಬೀಗದ ಕೈ ಇಸಿದುಕೊಂಡು ಪ್ಯಾಕಿಂಗ್ ಮೇಜಿಗೆ ಕಳಿಸಿದರು. ಹೊಸ ಗಾಜು ಬಂದ ಮೇಲೆ ಕ್ಯಾಮೆರಾದ ಮುಂದೆ ಬೇರೊಬ್ಬರು ಕೂತರು. ನಾನು ಅವರು ಪಾಸು ಮಾಡಿದ ಜೆಟ್ಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದೆ. ಊಟದ ಹೊತ್ತಿನಲ್ಲಿ ಲೇತಿನ ಹುಡುಗರು ನನಗೆ ಬುದ್ಧಿ ಹೇಳುತ್ತಿದ್ದರು. "ಅಂಥ ಮನುಷ್ಯ ಸಿಗಲ್ಲ ಮೇಡಂ. ನೀವು ಅವರ ಮೇಲೆ ಹೇಳಬಾರದಿತ್ತು." ಪ್ಯಾಕಿಂಗಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಆರ್.ಟಿ. ನಗರದ ಒಬ್ಬ ಹೆಂಗಸು ಮಾತ್ರ ಮೊದಲ ದಿನವೇ, "ನೀನು ಮಾಡಿಲ್ಲ ಬಿಡು. ಆ ಗಾಜಿನ ಮೇಲೆ ಯಾರಾದ್ರೂ ಉಸಿರು ಬಿಟ್ರೂ ಹೊಡೆಯೋಕೆ ಬರ್ತಿದ್ದೆ ನೀನು, ಅಲ್ಲಾ ನೋಡ್ತಾನೆ" ಎಂದಳು. ಅವಳ ಎದುರಿಗೆ ನನಗೆ ಅಳು ಬಂದುಬಿಟ್ಟಿತು. ಅವಳು ನನ್ನ ಪಾಲಿನ ಚೀಲಗಳನ್ನೂ ತಾನೇ ತುಂಬಿದಳು.

ಅಣ್ಣನನ್ನು ಒಂದು ಸಲ ಕೇಳಿದೆ. ಮಹಡಿ ಮೆಟ್ಟಿಲಿನಲ್ಲಿ ಅಡ್ಡ ನಿಂತು, "ಯಾಕೆ?" ಎಂದೆ. "ಅಣ್ಣ" ಎಂಬ ಮಾತು ಬಾಯಿಗೆ ಬರಲಿಲ್ಲ.

"ನಿನಗೇನಾಯ್ತಮ್ಮ? ಕೆಲಸ ಇದೆಯಲ್ಲ. ನನ್ನ ಮಕ್ಕಳ ಮುಖ ನೋಡು" ಎಂದು ಪಕ್ಕಕ್ಕೆ ಸರಿದು ಹೋದರು.

ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ಪ್ಯಾಕಿಂಗಿಗೆ ಹಾಕಿದ್ದನ್ನೂ ಹೇಳಲಿಲ್ಲ. ಕಾರಣ ಇಷ್ಟೆ. ಇದು ಗೊತ್ತಾದರೆ ಅಮ್ಮ ಒಡೆದುಹೋಗುತ್ತಾಳೆ ಎಂದುಕೊಂಡಿದ್ದೆ. ಹೊಟ್ಟೆಯಲ್ಲಿ ಹುಟ್ಟದಿದ್ದರೂ ಮಗ ಎಂದು ಬೀದಿಗೆಲ್ಲ ಸಾರಿಕೊಂಡವಳು. ಅವಳಿಗೆ ಉಳಿದಿರುವ ಒಂದು ಸುಖವನ್ನು ನಾನ್ಯಾಕೆ ಕಿತ್ತುಕೊಳ್ಳಲಿ? ಕಾರ್ಖಾನೆಯಲ್ಲಿ ಹಲ್ಲು ಕಚ್ಚಿಕೊಂಡು, ಮನೆಗೆ ಬಂದು ಕ್ಯಾಮೆರಾ ಹೀಗೆ, ಕಂಪನಿಯವರು ಹೀಗೆ ಎಂದು ಮೊದಲಿನ ಹಾಗೇ ಕತೆ ಕಟ್ಟಿ ಹೇಳುತ್ತಿದ್ದೆ. ಅಮ್ಮ ಹೂಂಗುಟ್ಟುತ್ತಾ ಕೇಳುತ್ತಿದ್ದಳು.

ದೀಪಾವಳಿಗೆ ಅಮ್ಮ ಕಜ್ಜಾಯ ಮಾಡಿದಳು. ಮೊದಲ ಒಬ್ಬೆಯನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಓಗು, ಅಣ್ಣಂಗೆ ಕೊಟ್ಬುಟ್ ಬಾ" ಎಂದಳು. ಅಷ್ಟು ದಿನ ತಡೆದಿದ್ದದ್ದು ಆಗ ಕಟ್ಟೆ ಒಡೆಯಿತು. ಕಜ್ಜಾಯವನ್ನು ಒಲೆಯ ಪಕ್ಕ ಕುಕ್ಕಿ ಎಲ್ಲವನ್ನೂ ಹೇಳಿದೆ. ಗಂಧ, ವೇಸ್ಟು, ಆಣೆ, ಕಾಲಿಗೆ ಬಿದ್ದ ನಾಟಕ, ಪ್ಯಾಕಿಂಗ್ ಮೇಜು. ಹೇಳುತ್ತಾ ಹೇಳುತ್ತಾ ಅಮ್ಮ ಎಲ್ಲಿ ಕುಸಿಯುತ್ತಾಳೋ ಎಂದು ಅವಳ ತೋಳು ಹಿಡಿದುಕೊಂಡಿದ್ದೆ.

ಅಮ್ಮ ಕುಸಿಯಲಿಲ್ಲ. ಬಾಣಲೆಯಲ್ಲಿದ್ದ ಕಜ್ಜಾಯವನ್ನು ಮಗುಚಿ ಹಾಕಿದಳು.

"ನಂಗೊತ್ತು ಕಣೆ" ಎಂದಳು.

"ಏನು ಗೊತ್ತು?"

"ಅವತ್ತು ಬಾನುವಾರ ಬಂದು ಎಲ್ಲಾ ಏಳ್ದ. ನಾಳೆ ಸಾವ್ಕಾರ್ರ ಮುಂದೆ ಒಪ್ಕೊಂಡ್ಬುಡ್ತೀನಿ, ಆಮೇಕೆ ನನ್ನ ಮಕ್ಕಳ ಗತಿ ಏನವ್ವಾ ಅಂತ ಅತ್ತ. ಒಪ್ಕೊಳಕ್ಕೇ ಒಂಟಿದ್ದ. ನಾನೇ ಬ್ಯಾಡ ಅಂದೆ."

ಅಮ್ಮ ಕಜ್ಜಾಯ ಎತ್ತಿ, ಎಣ್ಣೆ ಒತ್ತಿ, ತಟ್ಟೆಗೆ ಹಾಕಿ ಮುಂದುವರಿಸಿದಳು.

"ನನ್ನ ಮಗಳು ಮಾಡಿದ್ದು ಅನ್ನು, ಎಣ್ಣುಡುಗಿ ಅಂತ ಬೈದು ಬುಟ್ಬುಡ್ತಾರೆ ಅಂದೆ. ನೀನೇನು ಇವತ್ತಲ್ಲ ನಾಳೆ ಮದ್ವೆ ಆಗಿ ಓಗೋಳು. ಆ ಕೆಲ್ಸ ನಿಂಗೆ ಎಷ್ಟು ದಿನ? ಅವ್ನು ಗಂಡಸು, ಸಂಸಾರ ಕಟ್ಕೊಂಡವ್ನು. ಅವ್ನ ಕೆಲ್ಸ ಓದ್ರೆ ಮನೆ ಖಾಲಿ ಮಾಡ್ಕೊಂಡು ಊರಿಗೆ ಒಂಟೋಯ್ತಾನೆ. ಆಮೇಕೆ ನಮಗೆ ಯಾರವ್ರೆ?"

"ನಾನಿದ್ದೀನಲ್ಲಮ್ಮ" ಎಂದೆ.

ಅಮ್ಮ ನನ್ನ ಕಡೆ ತಿರುಗಿ ನೋಡಿದಳು. ಅವಳ ಮುಖದಲ್ಲಿ ಅಳುಕಾಗಲಿ ನಾಚಿಕೆಯಾಗಲಿ ಇರಲಿಲ್ಲ, ಬರೀ ಆಶ್ಚರ್ಯವಿತ್ತು. ಈ ಮಾತು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ನನ್ನ ಸಂಬಳದ ಅಕ್ಕಿ ಬೇಯುತ್ತಿದ್ದ ಅದೇ ಅಡುಗೆಮನೆಯಲ್ಲಿ ನಿಂತು, ನಮಗೆ ಯಾರಿದ್ದಾರೆ ಎಂದು ಅವಳು ನಿಜವಾಗಿಯೂ ಕೇಳುತ್ತಿದ್ದಳು. ಮಹಡಿಯ ಮನುಷ್ಯ ಮಾಡಿದ್ದಕ್ಕೆ ನಾನು ಉರಿದಿದ್ದೆ, ಆದರೆ ಅವನು ಎಷ್ಟಾದರೂ ಹೊರಗಿನವನು. ಇವಳು ನನ್ನ ಅಮ್ಮ. ನನ್ನನ್ನು ಕೇಳದೆ, ನನಗೆ ಹೇಳದೆ, ಕೊತ್ತಂಬರಿ ಸೊಪ್ಪಿಗೆ ಕಳಿಸಿ ನನ್ನನ್ನು ಕೊಟ್ಟುಬಿಟ್ಟಿದ್ದಳು. ಆಮೇಲೆ ದಿನವೂ ನಾನು ಹೇಳಿದ ಸುಳ್ಳು ಕತೆಗಳನ್ನು ಸುಳ್ಳೆಂದು ಗೊತ್ತಿದ್ದೂ ಹೂಂಗುಟ್ಟಿದ್ದಳು.

ಆ ವರ್ಷ ಕಜ್ಜಾಯವನ್ನು ಮಹಡಿಗೆ ಅಮ್ಮನೇ ತೆಗೆದುಕೊಂಡು ಹೋದಳು, ಮಂಡಿನೋವಿದ್ದರೂ.

ಮಾಲೀಕರಿಗೆ ಹೋಗಿ ಹೇಳಬಹುದಿತ್ತು. ಅಮ್ಮನನ್ನೇ ಕರೆದುಕೊಂಡು ಹೋಗಿ ನಿಲ್ಲಿಸಬೇಕೆಂದು ಒಂದು ವಾರ ಮನಸ್ಸಿನಲ್ಲಿ ಕುದಿದೆ. ಒಂದು ಬೆಳಗ್ಗೆ ಅವಳಿಗೆ ಹೇಳಿಯೂ ಹೇಳಿದೆ, "ಬಾ, ಬಂದು ಒಂದು ಮಾತು ನಿಜ ಹೇಳು, ನನ್ನ ಕೋಣೆ ನನಗೆ ವಾಪಸ್ ಸಿಗುತ್ತೆ." ಅಮ್ಮ ಬರಲಿಲ್ಲ. "ಆಗಿದ್ದು ಆಗೋಯ್ತು, ಅವ್ನ ಅನ್ನಕ್ಕೆ ಕಲ್ಲಾಕ್ಬೇಡ" ಎಂದಳು. ನನ್ನ ಅನ್ನದ ಮಾತು ಅಲ್ಲಿ ಬರಲೇ ಇಲ್ಲ. ಜಗಳ ಆಡಿದೆ, ಕೂಗಿದೆ, ಮಾತು ಬಿಟ್ಟೆ. ಒಂದೇ ಮನೆಯಲ್ಲಿ ಇರುವ ಇಬ್ಬರು ಎಷ್ಟು ದಿನ ಮಾತು ಬಿಡಬಹುದು? ಹಾಲಿನವನಿಗೆ ಬಾಗಿಲು ತೆಗೆ ಎನ್ನುವುದರಿಂದ ಮತ್ತೆ ಶುರುವಾಯಿತು. ಆದರೆ ಕ್ಯಾಮೆರಾದ ಕತೆ ಹೇಳುವುದನ್ನು ನಿಲ್ಲಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಆ ಕೆಲಸ ಬಿಟ್ಟೆ. ಮನೆಯನ್ನೂ ಬದಲಾಯಿಸಿ ಕೆಂಪಾಪುರದ ಕಡೆ ಹೋದೆವು. ಮಹಡಿ ಇಲ್ಲದ ಮನೆ ನೋಡಿಯೇ ಹಿಡಿದೆ. ಅಮ್ಮ ಗೊಣಗುತ್ತಲೇ ಬಂದಳು. ಯಲಹಂಕದ ಆಚೆ, ಇದೇ ಬಗೆಯ ಕ್ಯಾಮೆರಾ ಮಷೀನು ಇದ್ದ ಒಂದು ಕಾರ್ಖಾನೆಗೆ ಅರ್ಜಿ ಹಾಕಿದ್ದೆ. ಕರೆದರು. ಸಂದರ್ಶನ ಮಾಡಿದವರು ತಲೆ ನರೆತ ಮ್ಯಾನೇಜರ್. ಮೊದಲು ಒಂದು ಸಣ್ಣ ಭಾಗ ಕೊಟ್ಟು ಮಷೀನಿನಲ್ಲಿ ಅಳೆಯಲು ಹೇಳಿದರು. ಅಳೆದೆ. ಖುಷಿಯಾದರು. ಆಮೇಲೆ ಕಾಫಿ ತರಿಸಿ ಕೇಳಿದರು.

"ಇಷ್ಟು ಚೆನ್ನಾಗಿ ಕೆಲಸ ಗೊತ್ತಿದೆ. ಅಲ್ಲಿ ಯಾಕೆ ಬಿಟ್ರಿ?"

ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು, ಮನೆ ದೂರ, ಬಸ್ಸಿಲ್ಲ ಎಂದು. ಆದರೆ ನನಗೆ ಸಾಕಾಗಿತ್ತು.

"ಮಷೀನಿನ ಗಾಜು ಗೀರಿಬಿಟ್ಟೆ ಅಂತ ನನ್ನ ಮೇಲೆ ಬಂತು ಸಾರ್. ಗೀರಿದ್ದು ನಾನಲ್ಲ."

ಅವರು ಕಾಫಿ ಲೋಟ ಕೆಳಗಿಟ್ಟರು. "ಹಂಗಂತ ನೀವು ಹೇಳ್ತೀರಿ. ನೀವು ಮಾಡಿಲ್ಲ ಅಂತ ಬೇರೆ ಯಾರಿಗಾದ್ರೂ ಗೊತ್ತಾ?"

"ನಮ್ಮಮ್ಮನಿಗೆ ಗೊತ್ತು ಸಾರ್" ಎಂದೆ.

ಅವರು ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಕೆಟ್ಟ ನಗುವಲ್ಲ, ಮನೆಯಲ್ಲಿ ಹೆಣ್ಣುಮಕ್ಕಳನ್ನು ಬೆಳೆಸಿದವರ ನಗು. "ಅಮ್ಮಂದಿರ ಮಾತು ಬಿಡಿ! ಪ್ರಪಂಚದಲ್ಲಿ ಯಾವ ಅಮ್ಮ ತಾನೇ ಮಗಳು ತಪ್ಪು ಮಾಡಿದಾಳೆ ಅಂತ ಹೇಳ್ತಾಳೆ?"

ನಾನೂ ನಕ್ಕೆ. ಒಂದನೇ ತಾರೀಖಿನಿಂದ ಬನ್ನಿ ಎಂದರು.